ಕಬ್ಬಿನ ದ್ವೀಪಕ್ಕೆ ಸಕ್ಕರೆ ಆಮದು: ಮಂಡ್ಯದ ಓದುಗರಿಗೆ ಉತ್ತರ

ಮಂಡ್ಯದ ಓದುಗ ಮಿತ್ರರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಕ್ಯೂಬಾ ಲೇಖನ ಓದಿ ನಿಮಗೆ ಸಿಟ್ಟು ಬಂದಿದೆ. ಅಮೆರಿಕದ ವ್ಯಾಪಾರ ದಿಗ್ಬಂಧನಕ್ಕೆ ಎರಡೇ ಸಾಲು ಕೊಟ್ಟು, ಉಳಿದದ್ದನ್ನೆಲ್ಲ ಅಲ್ಲಿನ ಸರ್ಕಾರದ ತಲೆಗೆ ಕಟ್ಟಿದ್ದೀರಿ ಎಂದು ಬರೆದಿದ್ದೀರಿ. ಓದು, ಆಸ್ಪತ್ರೆ ಎರಡೂ ಪುಕ್ಕಟೆ ಇರುವ ದೇಶವನ್ನು ದಿವಾಳಿ ದೇಶ ಅಂತ ಹೇಗೆ ಕರೀತೀರಿ ಅಂತಲೂ ಕೇಳಿದ್ದೀರಿ. ಕೊನೆಯಲ್ಲಿ, 'ನಾನೂ ಕಬ್ಬು ಬೆಳೆಯುವವನೇ. ಕ್ಯೂಬಾ ಸಕ್ಕರೆ ಆಮದು ಮಾಡಿಕೊಳ್ಳುತ್ತದೆ ಅನ್ನೋದು ಶುದ್ಧ ಸುಳ್ಳು' ಎಂದು ಬರೆದು ಅಡಿಗೆರೆ ಹಾಕಿದ್ದೀರಿ.

ಅಡಿಗೆರೆ ಎಳೆದ ಮಾತಿನಿಂದಲೇ ಶುರು ಮಾಡೋಣ. ಅದು ಸುಳ್ಳಲ್ಲ. 1989ರಲ್ಲಿ ಕ್ಯೂಬಾ ಸುಮಾರು 80 ಲಕ್ಷ ಟನ್ ಸಕ್ಕರೆ ತಯಾರಿಸಿತ್ತು. 2022-23ರ ಹಂಗಾಮಿನಲ್ಲಿ ಅದು ಸುಮಾರು ಮೂರೂವರೆ ಲಕ್ಷ ಟನ್‌ಗೆ ಬಂತು. 2024-25ರಲ್ಲಿ ಒಂದೂವರೆ ಲಕ್ಷವನ್ನೂ ಮುಟ್ಟಲಿಲ್ಲ. ಆ ಜನರ ಮನೆಬಳಕೆಗೇ ಇದರ ಹಲವು ಪಟ್ಟು ಬೇಕು. ಉಳಿದದ್ದು ಹಡಗಿನಲ್ಲಿ ಹೊರಗಿನಿಂದ ಬರಲೇಬೇಕಲ್ವಾ?

ಇದು ಹೇಗಾಯಿತು ಅನ್ನುವುದರಲ್ಲೇ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಇದೆ. 1959ರ ಕ್ರಾಂತಿಗೆ ಮೊದಲು ಕ್ಯೂಬಾದ ಸಕ್ಕರೆ ಕೊಳ್ಳುವ ದೊಡ್ಡ ಗಿರಾಕಿ ಅಮೆರಿಕ. 1960ರಲ್ಲಿ ಅಮೆರಿಕ ಆ ಖರೀದಿ ನಿಲ್ಲಿಸಿತು. ಸೋವಿಯತ್ ಒಕ್ಕೂಟ ಆ ಜಾಗಕ್ಕೆ ಬಂತು. ಮಾರುಕಟ್ಟೆಗಿಂತ ಎಷ್ಟೋ ಜಾಸ್ತಿ ಬೆಲೆ ಕೊಟ್ಟು ಸಕ್ಕರೆ ಕೊಂಡಿತು, ಬದಲಿಗೆ ತೈಲ ಕಳಿಸಿತು. ಗಿರಾಕಿ ಬದಲಾದ, ಒಬ್ಬನೇ ಗಿರಾಕಿಯನ್ನು ನಂಬಿ ಬದುಕುವುದು ಬದಲಾಗಲಿಲ್ಲ.

ಈ ಹುಮ್ಮಸ್ಸಿನಲ್ಲಿ, ಆ ಕ್ರಾಂತಿಯ ನಾಯಕ ಫಿಡೆಲ್ ಕ್ಯಾಸ್ಟ್ರೋ 1970ರ ಹಂಗಾಮಿಗೆ ಒಂದು ಕೋಟಿ ಟನ್ ಸಕ್ಕರೆಯ ಗುರಿ ಇಟ್ಟರು. ಕಚೇರಿ ಗುಮಾಸ್ತರು, ವಿದ್ಯಾರ್ಥಿಗಳು, ಸೈನಿಕರು, ಎಲ್ಲರೂ ಮಚ್ಚು ಹಿಡಿದು ಗದ್ದೆಗೆ ಇಳಿದರು. ಕಟಾವಿಗೆ ಅಡ್ಡಿಯಾಗಬಾರದು ಅಂತ 1969ರಲ್ಲಿ ಕ್ರಿಸ್‌ಮಸ್ ರಜೆಯನ್ನೇ ತೆಗೆದುಹಾಕಿದರು. ಆ ರಜೆ ವಾಪಸ್ ಬಂದದ್ದು 1997ರಲ್ಲಿ, ಪೋಪ್ ಬರುವ ಹೊತ್ತಿಗೆ! ಇಷ್ಟೆಲ್ಲ ಮಾಡಿದರೂ ಸಿಕ್ಕಿದ್ದು 85 ಲಕ್ಷ ಟನ್. ಅದು ದಾಖಲೆಯೇ. ಆದರೆ ಇಡೀ ದೇಶ ಕಬ್ಬಿನ ಹಿಂದೆ ಓಡಿದ್ದರಿಂದ ಉಳಿದ ಕೆಲಸಗಳೆಲ್ಲ ಬಿದ್ದುಹೋದವು. ಸೋತೆವು ಎಂದು ಕ್ಯಾಸ್ಟ್ರೋ ಜನರ ಮುಂದೆ ತಾವೇ ಒಪ್ಪಿಕೊಂಡರು.

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯಿತು. ಕೆಲವೇ ವರ್ಷದಲ್ಲಿ ಕ್ಯೂಬಾದ ಒಟ್ಟು ಉತ್ಪನ್ನ ಮೂರನೇ ಒಂದು ಭಾಗದಷ್ಟು ಇಳಿಯಿತು. ಬಸ್ಸಿಗೆ ಡೀಸೆಲ್ ಇಲ್ಲದೆ ಚೀನಾದಿಂದ ಲಕ್ಷಾಂತರ ಸೈಕಲ್ ತರಿಸಿದರು. 2002ರಲ್ಲಿ 156 ಸಕ್ಕರೆ ಕಾರ್ಖಾನೆಗಳಲ್ಲಿ ಸುಮಾರು ಅರ್ಧದಷ್ಟನ್ನು ಸರ್ಕಾರವೇ ಮುಚ್ಚಿಸಿತು. ಕಬ್ಬಿದ್ದ ಎಷ್ಟೋ ಜಮೀನಿನಲ್ಲಿ ಮರಬು ಎಂಬ ಮುಳ್ಳುಗಿಡ ಬೆಳೆದು ನಿಂತಿತು.

ಇಲ್ಲಿ ನೀವು 'ಅದಕ್ಕೇ ಹೇಳಿದ್ದು, ದಿಗ್ಬಂಧನ' ಅನ್ನಬಹುದು. ದಿಗ್ಬಂಧನ ಸಣ್ಣ ವಿಷಯ ಅಲ್ಲ, ಖಂಡಿತ. 1962ರಿಂದ ಅದು ಪೂರ್ತಿಯಾಗಿ ಜಾರಿಯಲ್ಲಿದೆ. 1992ರ ಕಾಯ್ದೆಯಂತೆ, ವ್ಯಾಪಾರಕ್ಕಾಗಿ ಕ್ಯೂಬಾದ ಬಂದರಿಗೆ ಹೋದ ಹಡಗು 180 ದಿನ ಅಮೆರಿಕದ ಬಂದರಿಗೆ ಹೋಗುವಂತಿಲ್ಲ. ಹಾಗಾಗಿ ಹಡಗು ಸಿಗುವುದೇ ಕಷ್ಟ, ಸಿಕ್ಕರೂ ಬಾಡಿಗೆ ಜಾಸ್ತಿ. ಬ್ಯಾಂಕುಗಳು ಹೆದರಿ ದೂರ ನಿಲ್ಲುತ್ತವೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಇದರ ವಿರುದ್ಧ ನಿರ್ಣಯಗಳು ಬರುತ್ತಲೇ ಇವೆ, ಭಾರತವೂ ಬೆಂಬಲಿಸುತ್ತಾ ಬಂದಿದೆ. ನನ್ನ ವೋಟೂ ಆ ಕಡೆಗೇ.

ಆದರೆ ಒಂದು ವಿಷಯ ನಿಮಗೆ ಅಚ್ಚರಿಯಾಗಬಹುದು. 2000ದಲ್ಲಿ ಅಮೆರಿಕ ಕಾಯ್ದೆ ಸಡಿಲಿಸಿ, ನಗದು ಕೊಟ್ಟರೆ ಆಹಾರ ಮಾರಬಹುದು ಎಂದಿತು. ಅವತ್ತಿನಿಂದ ಕ್ಯೂಬಾದವರು ತಿನ್ನುವ ಕೋಳಿಮಾಂಸದಲ್ಲಿ ದೊಡ್ಡ ಪಾಲು ಅಮೆರಿಕದ್ದೇ. ಸಾಲ ಇಲ್ಲ, ಮುಂಗಡವಾಗಿ ಡಾಲರ್ ಎಣಿಸಬೇಕು. ಈಗ ಪ್ರಶ್ನೆ, ಆ ಡಾಲರ್ ದುಡಿಯುವವರು ಯಾರು, ದುಡಿದವನಿಗೆ ಉಳಿಯುವುದೆಷ್ಟು? ದಿಗ್ಬಂಧನದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಸರ್ಕಾರದ ಲೆಕ್ಕ ಇಲ್ಲಿಂದ ಶುರುವಾಗುತ್ತದೆ.

ಲೆಕ್ಕದ ಪುಸ್ತಕವನ್ನೇ ನೋಡಿ. ಪೆಸೊ ಅಂದರೆ ಅಲ್ಲಿನ ಹಣ. ಕ್ಯೂಬಾದಲ್ಲಿ ಬಹಳ ವರ್ಷ ಎರಡು ಬಗೆಯ ಪೆಸೊ ಓಡುತ್ತಿದ್ದವು. ಜನ ಒಂದು ಡಾಲರ್ ಬದಲಾಯಿಸಿದರೆ ಸುಮಾರು 24 ಪೆಸೊ. ಸರ್ಕಾರಿ ಕಾರ್ಖಾನೆಯ ಪುಸ್ತಕದಲ್ಲಿ ಮಾತ್ರ ಒಂದು ಡಾಲರ್ ಅಂದರೆ ಒಂದೇ ಪೆಸೊ. ನಿಮ್ಮ ಕಾರ್ಖಾನೆ ಸಕ್ಕರೆ ರಫ್ತು ಮಾಡಿ ಒಂದು ಡಾಲರ್ ತಂದಿತು ಅಂದುಕೊಳ್ಳಿ. ಅದರ ಖಾತೆಗೆ ಒಂದು ಪೆಸೊ ಜಮೆ. ಪ್ರವಾಸಿಯನ್ನು ಕೂರಿಸಿಕೊಂಡು ಹೋದ ಟ್ಯಾಕ್ಸಿಯವನಿಗೆ ಅದೇ ಡಾಲರಿಗೆ 24. ಡಾಲರ್ ತರುವ ಕಾರ್ಖಾನೆ ಪುಸ್ತಕದಲ್ಲಿ ಸದಾ ನಷ್ಟದಲ್ಲಿ, ಡಾಲರ್ ಖರ್ಚು ಮಾಡಿ ಆಮದು ಮಾಡುವ ಇಲಾಖೆಗೆ ಎಲ್ಲವೂ ಅಗ್ಗ! ಇಂಥ ಪುಸ್ತಕ ನೋಡಿಕೊಂಡು ಯಾವ ಕಾರ್ಖಾನೆ ಮುಚ್ಚಬೇಕು, ಯಾವುದನ್ನು ಉಳಿಸಬೇಕು ಅಂತ ಯಾರಿಗೆ ತಾನೇ ತಿಳಿದೀತು? ಇದನ್ನು ಅಮೆರಿಕ ಬರೆಸಲಿಲ್ಲ.

ರೈತನ ಕಡೆಗೆ ಬನ್ನಿ. ಹೆಚ್ಚಿನ ಜಮೀನು ಸರ್ಕಾರದ್ದು. ಬೆಳೆದದ್ದರಲ್ಲಿ ಬಹುಪಾಲನ್ನು 'ಅಕೋಪಿಯೊ' ಎಂಬ ಸರ್ಕಾರಿ ಖರೀದಿ ವ್ಯವಸ್ಥೆಗೆ, ಅದು ಹೇಳಿದ ಬೆಲೆಗೇ ಕೊಡಬೇಕು. ಲಾರಿ ಬರುವುದು ತಡವಾದರೆ ಮಾಲು ಹೊಲದಲ್ಲೇ ಕೊಳೆಯುತ್ತದೆ. ದುಡ್ಡು ಬರುವುದೂ ತಡ. ಹಸು ಸಾಕಿದವನು ತನ್ನದೇ ಹಸುವನ್ನು ಮಾಂಸಕ್ಕೆ ಮಾರಿದರೆ ಜೈಲು, ಈ ನಿಯಮ ಸಡಿಲವಾದದ್ದು 2021ರಲ್ಲಿ.

ಬಾಕಿಗಾಗಿ ಕಾಯುವುದು ನಿಮಗೂ ಹೊಸದಲ್ಲ, ಗೊತ್ತು. ನಿಮ್ಮ ಮಂಡ್ಯದ ಮೈಷುಗರ್ ಕೂಡ ಸರ್ಕಾರಿ ಕಾರ್ಖಾನೆಯೇ, ಕೆಲವು ವರ್ಷ ಬಾಗಿಲು ಹಾಕಿತ್ತು. ಆಗ ನಿಮ್ಮ ಕಡೆಯ ರೈತರು ಏನು ಮಾಡಿದರು? ಬೇರೆ ಕಾರ್ಖಾನೆಗೆ ಲಾರಿ ತಿರುಗಿಸಿದರು, ಆಲೆಮನೆಗೆ ಹೊಡೆದರು, ಕೆಲವರು ಕಬ್ಬನ್ನೇ ಬಿಟ್ಟರು. ಬೆಲೆ ಕಮ್ಮಿ ಸಿಕ್ಕಿತು, ಒದ್ದಾಡಿದರು, ರಸ್ತೆಗಿಳಿದು ಧಿಕ್ಕಾರವನ್ನೂ ಕೂಗಿದರು. ಕ್ಯೂಬಾದ ರೈತನಿಗೆ ಆ ಬೇರೆ ಕಾರ್ಖಾನೆಯೂ ಸರ್ಕಾರದ್ದೇ. ಧಿಕ್ಕಾರ ಕೂಗಿದರೆ ಏನಾಗುತ್ತದೆ ಅನ್ನುವುದನ್ನು 2021ರ ಜುಲೈ 11ರಂದು ಬೀದಿಗಿಳಿದು ಜೈಲು ಸೇರಿದ ನೂರಾರು ಮಂದಿ ಬಲ್ಲರು. ನನ್ನ ತಕರಾರು ಇರುವುದು ಇಲ್ಲೇ. ಕೊಳ್ಳುವವನು, ಮಾರುವವನು, ಸಂಬಳ ಕೊಡುವವನು, ಬೆಲೆ ಕಟ್ಟುವವನು, ಪೊಲೀಸು, ಎಲ್ಲ ಒಬ್ಬನೇ ಆದಾಗ 'ಈ ರೇಟಿಗೆ ಆಗಲ್ಲ ಸ್ವಾಮಿ' ಅನ್ನಲು ಯಾರೂ ಉಳಿಯುವುದಿಲ್ಲ.

ಎಷ್ಟು ಸಣ್ಣದರವರೆಗೆ ಈ ಹಿಡಿತ ಹೋಗಿತ್ತು ಗೊತ್ತೇ? 1968ರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಸಣ್ಣಪುಟ್ಟ ಖಾಸಗಿ ಅಂಗಡಿಗಳನ್ನು ಸರ್ಕಾರ ವಶಪಡಿಸಿಕೊಂಡಿತು. ತಿಂಡಿ ಗಾಡಿ, ಚಪ್ಪಲಿ ಹೊಲಿಯುವ ಅಂಗಡಿ, ಕ್ಷೌರದಂಗಡಿ ಕೂಡ. ಕತ್ತರಿ ಹಿಡಿದವನು ಸರ್ಕಾರಿ ನೌಕರನಾದ. ಕುರ್ಚಿಯನ್ನು ಅವನಿಗೇ ಬಾಡಿಗೆಗೆ ಬಿಟ್ಟುಕೊಡಲು 2010 ಬರಬೇಕಾಯಿತು.

ಪುಕ್ಕಟೆ ಓದು, ಆಸ್ಪತ್ರೆ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಾಡುವುದಿಲ್ಲ. 1961ರ ಸಾಕ್ಷರತಾ ಆಂದೋಲನ ದೊಡ್ಡ ಕೆಲಸ. ಕೋವಿಡ್ ಲಸಿಕೆಯನ್ನು ಅಷ್ಟು ಸಣ್ಣ ದೇಶ ತಾನೇ ತಯಾರಿಸಿಕೊಂಡಿತು. ಆದರೆ ಆ ವೈದ್ಯರನ್ನೇ ಸರ್ಕಾರ ಹೊರದೇಶಕ್ಕೆ ಕಳಿಸಿ ಸಂಪಾದಿಸುತ್ತದೆ. ಬ್ರೆಜಿಲ್‌ಗೆ 2013ರಿಂದ 2018ರವರೆಗೆ ಹೋದ ವೈದ್ಯರ ಕೈಗೆ ಬಂದದ್ದು ಬ್ರೆಜಿಲ್ ಕೊಟ್ಟದ್ದರಲ್ಲಿ ಸುಮಾರು ಕಾಲು ಭಾಗ. ಉಳಿದದ್ದರಲ್ಲಿ ಬಹುಪಾಲು ರಾಜಧಾನಿ ಹವಾನಾಕ್ಕೆ, ಅಂದರೆ ಸರ್ಕಾರಕ್ಕೆ. ಪುಕ್ಕಟೆ ಅನ್ನುವುದರ ಬಿಲ್ಲನ್ನು ಯಾರೋ ಕಟ್ಟುತ್ತಲೇ ಇದ್ದರು.

ರೇಷನ್ ಬಗ್ಗೆಯೂ ಕೇಳಿದ್ದೀರಿ. 1962ರಿಂದ ಪ್ರತಿ ಮನೆಗೂ 'ಲಿಬ್ರೆತಾ' ಎಂಬ ಚಿಕ್ಕ ಪುಸ್ತಕ ಇದೆ. ಬೊದೇಗಾ ಎಂಬ ರೇಷನ್ ಅಂಗಡಿಯವನು ಅದರಲ್ಲಿ ಗುರುತು ಹಾಕಿ ಕೊಡುತ್ತಾನೆ. ತಲೆಗೆ ತಿಂಗಳಿಗೆ 7 ಪೌಂಡ್ ಅಕ್ಕಿ, ಅಂದರೆ ಮೂರು ಕಿಲೋಗೂ ಸ್ವಲ್ಪ ಜಾಸ್ತಿ. ಸಕ್ಕರೆ 4 ಪೌಂಡ್, ದಿನಕ್ಕೊಂದು ಬನ್ನು. ಪುಸ್ತಕದ ಮೇಲಿನ ಲೆಕ್ಕ ಇದು. ಬರುವುದು ತಡ, ಕೆಲವು ತಿಂಗಳು ಬರುವುದೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಆ ಬನ್ನಿನ ತೂಕವನ್ನು 80 ಗ್ರಾಂನಿಂದ 60ಕ್ಕೆ ಇಳಿಸಿದರು. ಅದೇ ವರ್ಷ, ಪುಟ್ಟ ಮಕ್ಕಳಿಗೆ ಹಾಲಿನ ಪುಡಿ ಕೊಡಿ ಎಂದು ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮವನ್ನು ಕೇಳಬೇಕಾಯಿತು. ಅಕ್ಟೋಬರಿನಲ್ಲಿ ಮತಾಂಸಸ್‌ನ ದೊಡ್ಡ ವಿದ್ಯುತ್ ಸ್ಥಾವರ ಕೈಕೊಟ್ಟು ಇಡೀ ದ್ವೀಪಕ್ಕೆ ಕತ್ತಲು. ಆ ಹೊತ್ತಿಗೆ ಹವಾನಾದಲ್ಲಿ 42 ಮಹಡಿಯ ಐಷಾರಾಮಿ ಹೋಟೆಲ್ ಎದ್ದು ನಿಂತಿತ್ತು, ಪ್ರವಾಸಿಗರ ಸಂಖ್ಯೆ ಅರ್ಧಕ್ಕೆ ಇಳಿದಿದ್ದರೂ. ದುಡ್ಡನ್ನು ಎಲ್ಲಿ ಹಾಕಬೇಕು ಅನ್ನುವ ತೀರ್ಮಾನ ಸರ್ಕಾರದ್ದೇ.

ಈಗ ಬದಲಾಗುತ್ತಿದೆಯಲ್ಲ ಎಂದಿದ್ದೀರಿ. ಹೌದು, 2021ರಿಂದ ನೂರು ಜನರವರೆಗೆ ಕೆಲಸಕ್ಕಿಟ್ಟುಕೊಳ್ಳುವ ಖಾಸಗಿ ಕಂಪನಿಗಳಿಗೆ ಅವಕಾಶ ಇದೆ. ಆ ಅಂಗಡಿಗಳಲ್ಲಿ ಅಕ್ಕಿ, ಎಣ್ಣೆ, ಬಿಯರ್ ಎಲ್ಲ ಸಿಗುತ್ತದೆ. ಆದರೆ ಅದೇ ವರ್ಷ ಎರಡು ಪೆಸೊ ಒಂದಾಗಿ, ಬೆಲೆ ಗಗನಕ್ಕೇರಿತು. 2024ರಲ್ಲಿ ಬೀದಿಯಲ್ಲಿ ಒಂದು ಡಾಲರಿಗೆ 300 ಪೆಸೊ ದಾಟಿತು. ಆಗ ಕನಿಷ್ಠ ಸಂಬಳ ತಿಂಗಳಿಗೆ 2,100 ಪೆಸೊ ಇತ್ತು, ಮೂವತ್ತು ಮೊಟ್ಟೆಯ ಒಂದು ಟ್ರೇಗೆ ಸುಮಾರು 3,000. ಆ ಜುಲೈನಲ್ಲಿ ಸರ್ಕಾರ ಕೋಳಿ, ಎಣ್ಣೆ, ಹಾಲಿನ ಪುಡಿ ಸೇರಿ ಆರು ಪದಾರ್ಥಗಳಿಗೆ ಇಷ್ಟೇ ರೇಟು ಅಂತ ಮತ್ತೆ ಗೆರೆ ಎಳೆಯಿತು. ಹಳೇ ಚಾಳಿ ನೋಡಿ.

ನಿಮ್ಮ ಕಡೆ ಈ ಸಲ ಕಬ್ಬಿನ ತೂಕ, ಇಳುವರಿ, ಬಾಕಿ ಹೇಗಿದೆ ಅಂತ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇವೆ.

— ಸಂಪಾದಕ