ಪೋರ್ಟಿಸ್‌ಹೆಡ್‌ನ ‘ಥರ್ಡ್’ ಬಗ್ಗೆ ಕೇಳುಗರ ಮುನಿಸು

ಪೋರ್ಟಿಸ್‌ಹೆಡ್ ಸಂಗೀತ ತಂಡದ ಮೊದಲ ಆಲ್ಬಮ್ ‘ಡಮ್ಮಿ’ಯನ್ನು ಮೆಚ್ಚಿದ ಹಲವರು 2008ರ ‘ಥರ್ಡ್’ ಆಲ್ಬಮ್ಮಿನ ಬಗ್ಗೆ ಏಕೆ ಮುನಿಸಿಕೊಂಡರು ಎಂದು ತಾವು ಕೇಳಿದ್ದೀರಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಈ ತಂಡವು 1997ರ ಬಳಿಕ 11 ವರ್ಷ ಹೊಸ ಸ್ಟುಡಿಯೋ ಆಲ್ಬಮ್ ತಂದಿರಲಿಲ್ಲವಾದ್ದರಿಂದ, ಕೇಳುಗರು ಅದೇ ನಿಧಾನಗತಿಯ ತಾಳವನ್ನೂ ಟರ್ನ್‌ಟೇಬಲ್ ಮೇಲೆ ಗ್ರಾಮಫೋನ್ ತಟ್ಟೆ ಉಜ್ಜುವ ಸದ್ದನ್ನೂ ಹಳೆಯ ಚಲನಚಿತ್ರ ಸಂಗೀತದ ಛಾಯೆಯನ್ನೂ ನಿರೀಕ್ಷಿಸಿದ್ದರು. ಸಿಕ್ಕಿದ್ದು ‘ಮಷೀನ್ ಗನ್’ ಹಾಡಿನ ಗುಂಡಿನ ಮಳೆಯಂಥ ಡ್ರಮ್ ಯಂತ್ರದ ಹೊಡೆತ. ಮೊದಲ ಹಾಡು ‘ಸೈಲೆನ್ಸ್’ ಹಠಾತ್ತನೆ ತುಂಡಾಗಿ ನಿಲ್ಲುವುದೂ ಉದ್ದೇಶಪೂರ್ವಕವೇ. ಅದು ತಮ್ಮ ಪ್ರತಿಯ ದೋಷವಲ್ಲ. ವಿಮರ್ಶಕರಲ್ಲಿ ಬಹುಪಾಲು ಮಂದಿ ಈ ಬದಲಾವಣೆಯನ್ನು ಮೆಚ್ಚಿದರು. ನನ್ನ ಅಭಿಪ್ರಾಯವೂ ಅದೇ: ತಂಡದ ಗಾಯಕಿ ಬೆತ್ ಗಿಬ್ಬನ್ಸ್ ಅವರ ದನಿಯಲ್ಲಿರುವ ದುಗುಡಕ್ಕೆ ಹಿಂದಿನ ಮೃದು ಹಿನ್ನೆಲೆಗಿಂತ ಈ ಒರಟುತನವೇ ಹೆಚ್ಚು ಒಪ್ಪುತ್ತದೆ. ಯುಕುಲೇಲೆ ಎಂಬ ಪುಟ್ಟ ಗಿಟಾರಿನಂಥ ವಾದ್ಯ ನುಡಿಸಿರುವ ‘ಡೀಪ್ ವಾಟರ್’ ಎಂಬ ಪುಟ್ಟ ಹಾಡು ಮಾತ್ರ ಅಲ್ಲಿ ಹೊಂದಿಕೊಂಡಿಲ್ಲವೆಂದು ನನಗೂ ಅನ್ನಿಸುತ್ತದೆ.