ಜಲ್ಲಿ ಸುರಿದ ಮಾತ್ರಕ್ಕೆ ದಾರಿಯಾಗುವುದಿಲ್ಲ

ಬೆಂಗಳೂರಿನಿಂದ ಒಂದು ಗಂಟೆಯ ಹಾದಿಯಲ್ಲಿ ತೋಟದ ಮನೆ ಮಾಡಿಕೊಳ್ಳಬೇಕೆಂದು ಹೊರಟವರ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇವೆ. ಭೂಮಾಪನ ಇಲಾಖೆಯಲ್ಲಿ ದುಡಿದು, ನಿವೃತ್ತನಾದ ಮೇಲೂ ಅದೇ ಹೊಲಗಳ ಬದುಗಳಲ್ಲಿ ತಿರುಗುತ್ತಿರುವ ನನಗೆ ಈ ಪತ್ರಗಳಲ್ಲಿ ಬೇಸರ ತರಿಸುವುದು ಒಂದೇ ಸಂಗತಿ. ಬರೆದವರೆಲ್ಲ ಬೆಟ್ಟ ಕಾಣುತ್ತದೆಯೇ, ಬೆಲೆ ಏರುತ್ತದೆಯೇ ಎಂದು ವಿಚಾರಿಸುತ್ತಾರೆಯೇ ಹೊರತು, ಕೊಳ್ಳುವ ನೆಲ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಅಲ್ಲಿಗೆ ಹೋಗಲು ಹಕ್ಕಿನ ದಾರಿ ಇದೆಯೇ ಎಂದು ಕೇಳುವವರು ತೀರ ಅಪರೂಪ. ಪಹಣಿ ಎಂದರೇನು, ಋಣಭಾರ ಪತ್ರ ಎಲ್ಲಿ ಸಿಗುತ್ತದೆ ಎಂಬಂಥವನ್ನು ಇಲ್ಲಿ ವಿವರಿಸುವುದಿಲ್ಲ; ಅಷ್ಟೂ ತಿಳಿಯದವರು ಜಮೀನು ನೋಡಲು ಹೊರಡುವ ಮುನ್ನ ತಿಳಿದುಕೊಂಡು ಹೊರಡಲಿ.

ಪ್ರಶ್ನೆ: ನಾನೂ ನನ್ನ ಪತ್ನಿಯೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ಮಾಗಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ 3 ಎಕರೆ 10 ಗುಂಟೆ ವಿಸ್ತೀರ್ಣದ ಸರ್ವೆ ನಂಬರಿನಲ್ಲಿ 20 ಗುಂಟೆ ಮಾರಾಟಕ್ಕಿದೆ. ಮಾರುವವರ ಹೆಸರು ಪಹಣಿಯಲ್ಲಿದೆ. ವಕೀಲರು 30 ವರ್ಷದ ದಾಖಲೆ ನೋಡಿ ‘ಕ್ಲಿಯರ್’ ಎಂದಿದ್ದಾರೆ. ಡಾಂಬರು ರಸ್ತೆಯಿಂದ ಜಮೀನಿನವರೆಗೆ 20 ಅಡಿ ಅಗಲದ ಜಲ್ಲಿ ರಸ್ತೆ ಇದೆ. ಭೂಸುಧಾರಣಾ ಕಾಯಿದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದಂತೆ. ಮುಂಗಡ ಕೊಡಬಹುದೇ?

ಉತ್ತರ: ಕೊಡಬೇಡಿ, ಅಂದರೆ ಈಗಲೇ ಕೊಡಬೇಡಿ. ನಿಮ್ಮ ವಕೀಲರು ನೋಡಿರುವುದು ಜಮೀನು ಯಾರದು ಎಂಬುದನ್ನು. ಅದು ಎಲ್ಲಿದೆ ಎಂಬುದನ್ನು ಇನ್ನೂ ಯಾರೂ ನೋಡಿಲ್ಲ.

ನೀವು ಕಳಿಸಿರುವ ಪಹಣಿಯ 9ನೇ ಕಾಲಂನಲ್ಲಿ ಆರು ಹೆಸರುಗಳಿವೆ, ಹೆಸರಿನ ಎದುರು ಗುಂಟೆಗಳಿವೆ, ಆದರೆ ಹಿಸ್ಸಾ ನಂಬರು, ಅಂದರೆ ಒಬ್ಬೊಬ್ಬರ ಪಾಲಿಗೆ ಕೊಡುವ ಉಪಸಂಖ್ಯೆ, ಬಿದ್ದಿಲ್ಲ. ಪೋಡಿಯಾಗದ, ಅಂದರೆ ಅಳೆದು ಪಾಲು ಬೇರೆ ಮಾಡದ, ಜಂಟಿ ಪಹಣಿ ಎಂದರೆ ಇದೇ. ಈ ಆರು ಜನರಲ್ಲಿ ಒಬ್ಬರಿಗೆ 20 ಗುಂಟೆ ಉಂಟು ಎಂಬುದು ನಿಜ; ಆ 20 ಗುಂಟೆ ಹಳ್ಳದ ಪಕ್ಕದ್ದೋ ದಿಣ್ಣೆಯ ಮೇಲಿನದೋ ಎಂಬುದನ್ನು ಆ ಕಾಗದ ಹೇಳುವುದೇ ಇಲ್ಲ. ದಲ್ಲಾಳಿ ನಿಮ್ಮನ್ನು ನಿಲ್ಲಿಸಿ ತೋರಿಸಿದ್ದು ಸಾವನದುರ್ಗ ಚೆನ್ನಾಗಿ ಕಾಣುವ ಮೂಲೆಯನ್ನು. ಮಿಕ್ಕ ಐವರು ಅದಕ್ಕೆ ಒಪ್ಪಿದ್ದಾರೆಯೇ ಎಂದು ನೀವು ಕೇಳಿದ್ದೀರಾ?

ಮೊದಲು ಆ ಆರು ಹೆಸರುಗಳ ಎದುರಿನ ವಿಸ್ತೀರ್ಣವನ್ನು ಕೂಡಿಸಿ. ಬಳಿಕ ಭೂಮಾಪನ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದಿನ ನಕಲು ತೆಗೆಸಿ, ಒಟ್ಟು ವಿಸ್ತೀರ್ಣದಲ್ಲಿ ಸಾಗುವಳಿಗೆ ಬಾರದ ಖರಾಬು ಎಷ್ಟು, ಸಾಗುವಳಿಗೆ ಉಳಿದದ್ದೆಷ್ಟು ಎಂದು ನೋಡಿ. ನಿಮ್ಮ ಸರ್ವೆ ನಂಬರಿನಲ್ಲಿ ಹಳ್ಳಕ್ಕೆಂದು 8 ಗುಂಟೆ ಬಿ ಖರಾಬು ಹೋಗಿದೆ ಎಂದಿಟ್ಟುಕೊಳ್ಳಿ. ಆಗ ಹಂಚಿಕೊಳ್ಳಲು ಇರುವುದು 3 ಎಕರೆ 2 ಗುಂಟೆ ಮಾತ್ರ. ಪಹಣಿಯಲ್ಲಿ ಆರು ಜನರ ಲೆಕ್ಕ 3 ಎಕರೆ 10 ಗುಂಟೆಗೆ ಬಂದರೆ ಅದರಲ್ಲಿ 8 ಗುಂಟೆ ಇರುವುದು ಕಾಗದದ ಮೇಲೆ ಮಾತ್ರ. ಇದು ಅಪರೂಪದ ದೋಷವಲ್ಲ, ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳಲ್ಲಿ ಪೋಡಿಗೆ ಕೂತಾಗ ಮತ್ತೆ ಮತ್ತೆ ಎದುರಾಗುವುದು. ಈ ಕೊರತೆ ಕೊನೆಗೆ ಬೀಳುವುದು ಕೊನೆಯಲ್ಲಿ ಅಳತೆಗೆ ಬಂದವರ ತಲೆಯ ಮೇಲೆ; ಸಾಮಾನ್ಯವಾಗಿ ಅವರು ಊರಿಗೆ ಹೊಸಬರು. ಎ ಖರಾಬು ಹಿಡುವಳಿದಾರನದೇ ಆಗಿರುತ್ತದೆ. ಬಿ ಖರಾಬು ಮಾತ್ರ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು, ಸರ್ಕಾರದ್ದು. ಅದಕ್ಕೆ ಬೇಲಿ ಹಾಕಿ ‘ಹಳ್ಳವೂ ನಮ್ಮದೇ’ ಎನ್ನುವ ದಲ್ಲಾಳಿಯ ಮಾತಿಗೆ ಕಿವಿಗೊಡಬೇಡಿ.

ಸರ್ವೆ ನಂಬರಿನ ಭಾಗವನ್ನು ನೋಂದಣಿ ಮಾಡಿಸಲು ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕೇ ಬೇಕು ಎಂಬುದು ಈಗ ಎಲ್ಲರಿಗೂ ಗೊತ್ತು. ಅದನ್ನು ನೋಂದಣಿಯ ಹಿಂದಿನ ದಿನ ಕೈಗೆ ತಂದು ಕೊಡುವುದು ದಲ್ಲಾಳಿಗಳ ಪದ್ಧತಿ. ನೀವು ಅದನ್ನು ಮುಂಗಡಕ್ಕೆ ಮೊದಲೇ ಕೇಳಿ. ಅಷ್ಟಕ್ಕೇ ನಿಲ್ಲದೆ, ಮಾರುವವರಿಂದಲೇ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿಸಿ. ಹದ್ದುಬಸ್ತಿನಲ್ಲಿ ಸುತ್ತಲಿನ ಹಿಡುವಳಿದಾರರಿಗೆ ನೋಟಿಸು ಹೋಗುತ್ತದೆ, ಅಳತೆಯ ದಿನ ಅವರು ಬಂದು ನಿಲ್ಲುತ್ತಾರೆ. ಆ ದಿನ ನೀವೂ ಅಲ್ಲಿರಿ, ಆದರೆ ಬಾಯಿ ತೆರೆಯಬೇಡಿ. ಮೂಲ ಅಳತೆಯ ಹಳೆಯ ದಾಖಲೆಯಾದ ಟಿಪ್ಪಣಿಯಲ್ಲಿ ಅಳತೆ ಇರುವುದು ಅಡಿಯಲ್ಲಲ್ಲ, ಸರಪಳಿ ಮತ್ತು ಆಣೆಯಲ್ಲಿ. 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ, ಸರಪಳಿ ಉದ್ದ ಸರಪಳಿ ಅಗಲದ ನೆಲ ಒಂದು ಗುಂಟೆ. ಆ ಲೆಕ್ಕ ಹಿಡಿದು ಹೊರಟ ಭೂಮಾಪಕ ಲಂಟಾನ ಪೊದೆ ಸವರಿಸಿ, ಗಡಾರಿಯಿಂದ ಕುಟ್ಟಿ, ಮಣ್ಣಲ್ಲಿ ಹೂತ ಗಡಿಕಲ್ಲನ್ನು ಹುಡುಕುವಾಗ, ಪಕ್ಕದ ಹೊಲದವನು ಬಂದು ಹುಣಸೆಮರದ ಬುಡದಲ್ಲಿ ಕೈಕಟ್ಟಿ ನಿಂತು ‘ಇದು ನಮ್ಮಜ್ಜ ನೆಟ್ಟಿದ್ದು’ ಎನ್ನುತ್ತಾನೆ. ಆ ಒಂದು ಮಾತು ನಿಮ್ಮ ಮೂವತ್ತು ವರ್ಷದ ದಾಖಲೆಗಳಲ್ಲಿ ಎಲ್ಲಿಯೂ ಸಿಗದು. ಅವನ ವಾದ ಸರಿಯೋ ತಪ್ಪೋ ಅದು ಬೇರೆ ಮಾತು. ಕೊಂಡ ಮೇಲೆ ಆ ಮರದ ಕೆಳಗೆ ದಿನವೂ ಓಡಾಡಬೇಕಾದವರು ನೀವು.

ಇಲ್ಲೊಂದು ಮಾತು ಹೇಳಲೇಬೇಕು. ಈಚೆಗೆ ಜಮೀನು ನೋಡಲು ಬರುವವರೆಲ್ಲ ಸರ್ವೆ ನಂಬರು ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್ ತೆರೆದು ನೀಲಿ ಚುಕ್ಕೆಯನ್ನು ಹಿಂಬಾಲಿಸುತ್ತ ಗಡಿ ಗುರುತಿಸುತ್ತಾರೆ. ನೀವು ನಿಂತಿರುವುದು ಯಾವ ಸರ್ವೆ ನಂಬರು, ಅದು ಕೆರೆಯಂಗಳವೋ ಗೋಮಾಳವೋ ಎಂದು ಮೊದಲ ಅಂದಾಜಿಗೆ ಅದು ಬಹಳ ಒಳ್ಳೆಯ ಸಾಧನ. ಗಡಿಗೆ ಅಲ್ಲ. 60 ಮೀಟರು ಉದ್ದದ ಬದುವಿನಲ್ಲಿ ಫೋನು 5 ಮೀಟರು ಅತ್ತಿತ್ತಾದರೆ ಸುಮಾರು 3 ಗುಂಟೆ ಹೋದಂತೆ. ಅಷ್ಟರಲ್ಲಿ ಒಂದು ಒಳ್ಳೆಯ ಮನೆಯೇ ಏಳುತ್ತದೆ.

ಇನ್ನು ನಿಮ್ಮ ಜಲ್ಲಿ ರಸ್ತೆ. ಅದು ಯಾರ ನೆಲದ ಮೇಲಿದೆ? ಗ್ರಾಮ ನಕಾಶೆಯನ್ನು ತೆರೆದು ನೋಡಿ. ನಕಾಶೆ ಕಂಡ ದಾರಿಯಾಗಿದ್ದರೆ, ಅಂದರೆ ಬಂಡಿದಾರಿಯೋ ಕಾಲುದಾರಿಯೋ ಚುಕ್ಕೆಗೆರೆಯಲ್ಲಿ ನಿಮ್ಮ ಸರ್ವೆ ನಂಬರನ್ನು ಮುಟ್ಟುತ್ತಿದ್ದರೆ, ಅದನ್ನು ಮುಚ್ಚುವ ಹಕ್ಕು ಯಾರಿಗೂ ಇಲ್ಲ. ಹಾಗೆ ಇಲ್ಲದಿದ್ದರೆ ಅದು ಯಾರೋ ಒಬ್ಬರ ಖಾಸಗಿ ಜಮೀನು, ಅದರ ಮೇಲೆ ಯಾರೋ ಜಲ್ಲಿ ಸುರಿದಿದ್ದಾರೆ, ಅಷ್ಟೇ. ‘ಹಳ್ಳಿಯಲ್ಲಿ ಓಡಾಡೋಕೆ ಯಾರು ಬೇಡ ಅಂತಾರೆ ಸ್ವಾಮಿ’ ಎಂದು ದಲ್ಲಾಳಿ ಹೇಳಿರುತ್ತಾನೆ. ಎತ್ತು ಹೊಡೆದುಕೊಂಡು ಹೋಗಲು ಯಾರೂ ಬೇಡ ಎನ್ನುವುದಿಲ್ಲ. ಇಟ್ಟಿಗೆಯ ಲಾರಿ, ಕಾಂಕ್ರೀಟು ಗಾಡಿ, ವಾರಕ್ಕೆ ಮೂರು ನೀರಿನ ಟ್ಯಾಂಕರು ಓಡಾಡತೊಡಗಿದಾಗ ಬೇಡ ಎನ್ನುತ್ತಾರೆ. ಬಾಯಿಮಾತಿನಲ್ಲಿ ದಾರಿ ಬಿಟ್ಟ ಯಜಮಾನ ತೀರಿಕೊಂಡು ಮಕ್ಕಳು ಪಾಲಾದ ವಾರದಲ್ಲೇ ಜೆಸಿಬಿ ತರಿಸಿ ದಾರಿಗೆ ಅಡ್ಡ ಕಂದಕ ತೋಡಿಸಿದ್ದನ್ನು ನಾನು ಕಂಡಿದ್ದೇನೆ. ಕಂದಕದ ಆಚೆ ಗೃಹಪ್ರವೇಶಕ್ಕೆ ಸಿದ್ಧವಾದ ಮನೆ ಇತ್ತು.

‘ಕಾನೂನಿನಲ್ಲಿ ಅವಶ್ಯಕತೆಯ ದಾರಿ ಎಂಬುದೊಂದಿದೆಯಲ್ಲ’ ಎಂದು ಕೆಲವರು ವಾದಿಸುತ್ತಾರೆ. 1882ರ ಅನುಭೋಗ ಹಕ್ಕುಗಳ ಕಾಯಿದೆಯಲ್ಲಿ ಅದು ಇದೆ. ಒಂದೇ ಆಗಿದ್ದ ಜಮೀನು ಮಾರಾಟದಿಂದಲೋ ವಿಭಾಗದಿಂದಲೋ ತುಂಡಾಗಿ, ಒಂದು ತುಂಡಿಗೆ ಬೇರೆ ದಾರಿಯೇ ಇಲ್ಲದೆ ಹೋದಾಗ ಇನ್ನೊಂದು ತುಂಡಿನ ಮೇಲೆ ಹುಟ್ಟುವ ಹಕ್ಕು ಅದು. ಬೇರೆ ಸರ್ವೆ ನಂಬರಿನ, ಬೇರೆ ವಂಶದವರ ಜಮೀನಿನ ಮೇಲೆ ನಿಮ್ಮ ಕಾರಿಗೆ 20 ಅಡಿ ದಾರಿ ಬೇಕೆಂದರೆ ಅದು ನೆರವಿಗೆ ಬಾರದು. 20 ವರ್ಷ ಅಡೆತಡೆಯಿಲ್ಲದೆ ಹಕ್ಕಿನಿಂದ ಬಳಸಿದ ದಾರಿಗೂ ರಕ್ಷಣೆ ಉಂಟು, ಆದರೆ ಅದನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತು ಮಾಡುವಷ್ಟು ಆಯುಷ್ಯವನ್ನು ಆ ಮನೆಗಾಗಿ ಮೀಸಲಿಡಲು ನೀವು ಸಿದ್ಧರೇ? ದಾರಿ ಬಿಡುವ ನೆಲದ ಮಾಲೀಕರೆಲ್ಲರೂ ಸಹಿ ಹಾಕಿ, ಅಗಲವನ್ನು ಅಡಿಯಲ್ಲಿ ನಮೂದಿಸಿ, ಕೊಳವೆ ಮತ್ತು ವಿದ್ಯುತ್ ಕಂಬಕ್ಕೂ ಅವಕಾಶ ಬರೆದು, ನಕ್ಷೆ ಸಹಿತ ನೋಂದಾಯಿಸಿಕೊಟ್ಟರೆ ಅದು ದಾರಿ.

30 ವರ್ಷದ ದಾಖಲೆಯ ಬಗ್ಗೆಯೂ ನನ್ನ ತಕರಾರಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ ಕಾಯಿದೆ ಬಂದದ್ದು 1978ರಲ್ಲಿ, ಮಂಜೂರಾತಿಗಳು ಅದಕ್ಕೂ ಹಿಂದಿನವು ಇರುತ್ತವೆ. ಮಂಜೂರು ಪಡೆದವರ ಕಡೆಯವರು ಜಮೀನು ಮರಳಿ ಕೇಳಲು ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಆ ಕಾಯಿದೆ ಇರುವುದು ನ್ಯಾಯವಾಗಿಯೇ ಇದೆ. ಬಡವನಿಗೆ ಕೊಟ್ಟ ನೆಲವನ್ನು ಚಿಲ್ಲರೆ ಕಾಸಿಗೆ ಬರೆಸಿಕೊಂಡವರ ಸಾಲಿನಲ್ಲಿ ಕೊನೆಯವರಾಗಿ ನೀವು ನಿಲ್ಲಬೇಡಿ. ಊರಿನ ಚಾಕರಿಗೆಂದು ಕೊಟ್ಟ ತಳವಾರಿಕೆ, ತೋಟಿ, ನೀರಗಂಟಿ ಇನಾಮು ಜಮೀನುಗಳ ಕತೆಯೂ ಬೇರೆಯಿದೆ. ಆದ್ದರಿಂದ 30 ವರ್ಷವಲ್ಲ, ಮೂಲ ಮಂಜೂರಾತಿಯವರೆಗೆ ಹೋಗಲು ವಕೀಲರಿಗೆ ಹೇಳಿ.

ಕೊನೆಯದಾಗಿ 2020ರ ತಿದ್ದುಪಡಿ. ಅದು 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿ ಕೃಷಿಕರಲ್ಲದವರಿಗೆ ಕೊಳ್ಳಲು ದಾರಿ ಮಾಡಿತು. ಮನೆ ಕಟ್ಟಲು ಅಲ್ಲ. ಕಟ್ಟುವುದಕ್ಕೆ ಭೂಕಂದಾಯ ಕಾಯಿದೆಯ 95ನೇ ಕಲಮಿನಡಿ ಕೃಷಿಯೇತರ ಬಳಕೆಗೆ ಭೂಪರಿವರ್ತನೆ ಆಗಬೇಕು, ಇಲ್ಲವೇ ತೋಟದ ಮನೆ ಎಂದು ಹಿಡುವಳಿಯ ಶೇಕಡ 10ಕ್ಕೆ ಮೀರದಂತೆ ಕಟ್ಟಬೇಕು. 20 ಗುಂಟೆಗೆ ಅದು 2 ಗುಂಟೆ, ಅಂದರೆ 2,178 ಚದರಡಿ. ಅಲ್ಲಿ ಕೃಷಿ ನಡೆಯುತ್ತಿರಬೇಕು ಎಂಬುದನ್ನು ಮರೆಯಬೇಡಿ, ಹುಲ್ಲುಹಾಸು ಕೃಷಿಯಲ್ಲ.

ಪ್ರಶ್ನೆ: ತೆಂಗಿನಕಾಯಿ ಅಂಗೈ ಮೇಲೆ ಇಟ್ಟು ನೀರಿನ ಪಾಯಿಂಟ್ ತೋರಿಸುವವರು ಮೂರು ಕಡೆ ಗುರುತು ಹಾಕಿದ್ದಾರೆ. ಯಾವುದರಲ್ಲಿ ಕೊರೆಸಲಿ?

ಉತ್ತರ: ಅವರನ್ನು ಮನೆಗೆ ಕಳಿಸಿ, ಕಾಯಿಯನ್ನು ಅಡುಗೆಗೆ ಕೊಡಿ. ನಮ್ಮ ಸೀಮೆಯ ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ. ಆ ಬಿರುಕು ನಿಮ್ಮ ಅಂಗೈಗೆ ತಿಳಿಯದು. ಭೂವಿಜ್ಞಾನಿಯ ವಿದ್ಯುತ್ ರೋಧ ಪರೀಕ್ಷೆಯೂ ಖಾತರಿ ಕೊಡುವುದಿಲ್ಲ, ಆದರೆ ಕಾರಣ ಕೊಡುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಸುತ್ತಲಿನ ನಾಲ್ಕು ತೋಟಗಳ ಕೊಳವೆಬಾವಿ ಎಷ್ಟು ಅಡಿ, ಏಪ್ರಿಲ್ ಮೇ ತಿಂಗಳಲ್ಲಿ ಎಷ್ಟು ಹೊತ್ತು ಓಡುತ್ತದೆ ಎಂದು ಆ ತೋಟದವರನ್ನೇ ಕೇಳುವುದು. ಜಮೀನು ಮಾರುವವರನ್ನು ಕೇಳಬೇಡಿ. ನೀರು ಸಿಕ್ಕರೆ ಫ್ಲೋರೈಡ್ ಮತ್ತು ನೈಟ್ರೇಟ್ ಪರೀಕ್ಷೆ ಮಾಡಿಸಿ. ವೃಷಭಾವತಿಯ ನೀರು ಸೇರುವ ಬೈರಮಂಗಲ ಕೆರೆಯ ಕೆಳಗಿನ ಹಳ್ಳಿಗಳಲ್ಲಾದರೆ ಇನ್ನೂ ಹೆಚ್ಚಿನ ಪರೀಕ್ಷೆಗಳು ಬೇಕು, ನನ್ನನ್ನು ಕೇಳಿದರೆ ಅಲ್ಲಿ ಮನೆಯೇ ಬೇಡ.

ಪ್ರಶ್ನೆ: ಜಾಹೀರಾತಿನಲ್ಲಿ ‘ಬೆಂಗಳೂರಿಗೆ 45 ನಿಮಿಷ’ ಎಂದಿದೆ. ನಂಬಬಹುದೇ?

ಉತ್ತರ: ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಬೆಂಗಳೂರಿನ ಗಡಿಯವರೆಗೆ ಮಾತ್ರ. ಸೋಮವಾರ ಎಂಟಕ್ಕೆ ಹೊರಟು ನಿಮ್ಮ ಕಚೇರಿಯ ಬಾಗಿಲು ಮುಟ್ಟಿ, ಸಂಜೆ ಮಳೆಯಲ್ಲಿ ಹಿಂದಿರುಗಿ ನೋಡಿ. ಕಿಲೋಮೀಟರು ಎಣಿಸುವ ಬದಲು ಮಾದಾವರ, ಚಲ್ಲಘಟ್ಟ, ರೇಷ್ಮೆ ಸಂಸ್ಥೆ, ಬೊಮ್ಮಸಂದ್ರದಂಥ ಮೆಟ್ರೊ ಕೊನೆಯ ನಿಲ್ದಾಣಗಳಿಗೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ. ತುಮಕೂರು, ರಾಮನಗರ, ದೊಡ್ಡಬಳ್ಳಾಪುರದ ರೈಲು ಪಾಸಿನವರು ಕಾರಿನವರಿಗಿಂತ ನೆಮ್ಮದಿಯಾಗಿರುವುದನ್ನು ನೋಡಿದ್ದೇನೆ. ಮೈಸೂರು ಎಕ್ಸ್‌ಪ್ರೆಸ್‌ವೇಯನ್ನು ನಂಬಿಕೊಂಡವರಿಗೆ ನೆನಪಿರಲಿ, 2023ರ ಆಗಸ್ಟ್‌ನಿಂದ ಅಲ್ಲಿ ಬೈಕಿಗೆ ಪ್ರವೇಶವಿಲ್ಲ.

ಪ್ರಶ್ನೆ: ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್ ಯೋಜನೆಯಲ್ಲಿ ಕಾಲು ಎಕರೆ ಕೊಂಡರೆ ಕಂಪನಿಯವರೇ ಶ್ರೀಗಂಧ, ಮಹಾಗನಿ ಬೆಳೆಸಿ ಕೋಟಿ ಕೊಡುತ್ತಾರಂತೆ. ಮನೆಯನ್ನೂ ಕಟ್ಟಬಹುದಂತೆ.

ಉತ್ತರ: ಶ್ರೀಗಂಧ ಕೋಟಿ ಕೊಡುವುದು ಖಚಿತವಾಗಿದ್ದರೆ ಅವರು ಜಮೀನನ್ನು ನಿಮಗೇಕೆ ಮಾರುತ್ತಾರೆ? ಕಾಲು ಎಕರೆಯ ಶೇಕಡ 10 ಎಂದರೆ ಒಂದು ಗುಂಟೆ, ಅದರಲ್ಲಿ ಎಂಥ ಮನೆ ಕಟ್ಟುತ್ತೀರಿ ನೋಡಿಕೊಳ್ಳಿ. ನಿಮ್ಮ ಹೆಸರಿಗೆ ಪ್ರತ್ಯೇಕ ಹಿಸ್ಸಾ ಬರುತ್ತದೆಯೋ, ಇಡೀ ಜಮೀನಿನಲ್ಲಿ ಅವಿಭಜಿತ ಪಾಲು ಬರುತ್ತದೆಯೋ ಎಂದು ಬರವಣಿಗೆಯಲ್ಲಿ ಕೇಳಿ. ಉತ್ತರದ ಬದಲು ಕರಪತ್ರ ಬಂದರೆ ಅದೇ ಉತ್ತರ.

ಪ್ರಶ್ನೆ: ಜನರಲ್ ಪವರ್ ಆಫ್ ಅಟಾರ್ನಿಯ ಮೇಲೆ ಪಂಚಾಯಿತಿ ಸೈಟು ಅಗ್ಗಕ್ಕೆ ಸಿಗುತ್ತಿದೆ.

ಉತ್ತರ: ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗ ಅನಿವಾಸಿ ಭಾರತೀಯ. ಅವನ ಹೆಸರಿಗೆ ತೋಟದ ಮನೆ ಕೊಳ್ಳಬಹುದೇ?

ಉತ್ತರ: ಕೃಷಿ ಭೂಮಿ, ಪ್ಲಾಂಟೇಷನ್, ತೋಟದ ಮನೆ ಈ ಮೂರನ್ನೂ ಅನಿವಾಸಿಗಳು ಕೊಳ್ಳುವಂತಿಲ್ಲ. ನಿಮ್ಮ ಹೆಸರಿಗೆ ಕೊಳ್ಳಿ, ಉತ್ತರಾಧಿಕಾರವಾಗಿ ಅವನಿಗೆ ಬರಬಹುದು.

ಪ್ರಶ್ನೆ: ಜಮೀನಿನ ಇಳಿಜಾರು ನೈಋತ್ಯಕ್ಕಿದೆ. ವಾಸ್ತು ದೋಷವೇ?

ಉತ್ತರ: ಮಳೆನೀರು ಎತ್ತ ಹರಿಯುತ್ತದೆ ಎಂದು ನೋಡಿ ಪಾಯ ಹಾಕಿ.

ಪ್ರಶ್ನೆ: ಊರಿನಿಂದ ಅರ್ಧ ಕಿಲೋಮೀಟರು ದೂರದ ತೋಟದಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ಇದೆ. ಮನೆಗೆ ಅದೇ ಸಾಕಲ್ಲವೇ?

ಉತ್ತರ: ಸಾಲದು. ನಿರಂತರ ಜ್ಯೋತಿ ಯೋಜನೆಯಡಿ ಊರಿನ ಮನೆಗಳಿಗೆ ವಿದ್ಯುತ್ ತರುವ ಫೀಡರನ್ನೂ ಪಂಪ್‌ಸೆಟ್ಟಿನ ಫೀಡರನ್ನೂ ಬೇರೆ ಮಾಡಲಾಗಿದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ದಿನಕ್ಕೆ 7 ಗಂಟೆ, ಅದೂ ಹೆಚ್ಚಿನ ವೇಳೆ ಪಾಳಿಯ ಮೇಲೆ. ಆ ತಂತಿಯಿಂದ ಮನೆಗೆ ಎಳೆದುಕೊಂಡರೆ ಅಕ್ರಮವೂ ಹೌದು, ಮನೆಯಲ್ಲಿ ಕೂತು ಮೀಟಿಂಗ್ ಮಾಡುವವರಿಗೆ ಪ್ರಯೋಜನವೂ ಇಲ್ಲ. ಊರ ಫೀಡರಿನ ಕೊನೆಯ ಕಂಬದಿಂದ ನಿಮ್ಮ ಮನೆಗೆ ಎಷ್ಟು ಕಂಬ ನೆಡಬೇಕು, ಆ ಕಂಬಗಳು ಯಾರ ಹೊಲದಲ್ಲಿ ನಿಲ್ಲಬೇಕು ಎಂದು ಬೆಸ್ಕಾಂ ಶಾಖಾ ಕಚೇರಿಯಲ್ಲಿ ವಿಚಾರಿಸಿ, ಅಂದಾಜು ಪಟ್ಟಿಯನ್ನು ಲಿಖಿತವಾಗಿ ಪಡೆದು, ಆ ಮೊತ್ತವನ್ನು ಜಮೀನಿನ ಬೆಲೆಗೆ ಸೇರಿಸಿ ಚೌಕಾಸಿಗೆ ಕೂರಿ.