ಐಫೋಟೋದಿಂದ ಫೋಟೋಸ್‌ಗೆ ಬಂದ ಮೇಲೆ ಹಳೆ ಲೈಬ್ರರಿ ಅಳಿಸಬಹುದಾ?

ಮ್ಯಾಕ್‌ನಲ್ಲಿ ಹಳೆ ಫೋಟೋ ಆ್ಯಪ್ ಐಫೋಟೋದ ಲೈಬ್ರರಿ 60 ಜಿಬಿ, ಅದರ ಬದಲು ಬಂದ ಫೋಟೋಸ್ ಆ್ಯಪ್‌ನ ಹೊಸ ಲೈಬ್ರರಿಯೂ 60 ಜಿಬಿ ತೋರಿಸುತ್ತಿದೆ, ಹಳೇದನ್ನು ಅಳಿಸಿದರೆ ಅಷ್ಟೂ ಜಾಗ ಸಿಗುತ್ತಾ ಅಂತ ಕೇಳಿದ್ದೀರಿ. ಒಂದೇ ಡಿಸ್ಕ್‌ನಲ್ಲಿದ್ದರೆ ಸಿಗಲ್ಲ.

2015ರಲ್ಲಿ ಫೋಟೋಸ್ ಬಂದಾಗ ಆ್ಯಪಲ್ ಹಾರ್ಡ್ ಲಿಂಕ್ ಬಳಸಿತು. ಡಿಸ್ಕ್‌ನಲ್ಲಿ ಮೂಲ ಫೋಟೋ ಇರುವುದು ಒಂದೇ, ಅದಕ್ಕೆ ಹೆಸರು ಮಾತ್ರ ಎರಡು. ಒಂದೇ ಮನೆಗೆ ಎರಡು ಬಾಗಿಲು ಇದ್ದ ಹಾಗೆ. ಫೈಲ್‌ಗಳನ್ನು ತೋರಿಸುವ ಫೈಂಡರ್ ಎರಡು ಬಾಗಿಲಿಂದಲೂ ಹೋಗಿ ಎರಡು ಸಲ ಎಣಿಸುತ್ತದೆ, ಅಷ್ಟೇ. ಒಂದು ಹೆಸರು ಅಳಿಸಿದರೆ ಇನ್ನೊಂದರಲ್ಲಿ ಫೋಟೋ ಹಾಗೇ ಇರುತ್ತದೆ. ಥಂಬ್‌ನೇಲ್‌ನಂಥವು (ಫೋಟೋಗಳ ಪುಟ್ಟ ನಕಲುಗಳು) ಹೋಗಿ ಸ್ವಲ್ಪ ಜಾಗ ಉಳಿಯಬಹುದು.

ಹಾಗಾಗಿ ಅವಸರ ಬೇಡ. ನಾನು ಮೊದಲು ಬಸವನಗುಡಿ ಕಡಲೆಕಾಯಿ ಪರಿಷೆಯ ಫೋಟೋಗಳನ್ನು ತೆರೆದು ನೋಡಿದೆ. ಅಜ್ಜಿ ಸೆರಗಲ್ಲಿ ಕಡಲೆಕಾಯಿ ಕಟ್ಟಿಕೊಂಡು ನಿಂತಿರೋ ಒಂದು ಫೋಟೋ ಇದೆ, ಅದು ಹೋದರೆ ಮತ್ತೆ ಸಿಗಲ್ಲ ಅಲ್ವಾ? ಫೋಟೋ ಬಂದಿತ್ತು. ಆದರೆ ನಾನು ಕೊಟ್ಟಿದ್ದ ಐದು ಸ್ಟಾರ್ ರೇಟಿಂಗ್, ಕೀವರ್ಡ್ ಆಗಿ ಬದಲಾಗಿತ್ತು. ಇಂಥವನ್ನೆಲ್ಲ ನೋಡಿಕೊಳ್ಳಿ.

ಅಳಿಸೋ ಮುಂಚೆ ಎಸ್.ಪಿ. ರೋಡಿಂದ ಒಂದು ಹಾರ್ಡ್ ಡಿಸ್ಕ್ ತಂದು ಹೊಸ ಲೈಬ್ರರಿಯನ್ನು ಕಾಪಿ ಮಾಡಿಡಿ. ಎರಡೂ ಲೈಬ್ರರಿ ಒಂದೇ ಡಿಸ್ಕ್‌ನಲ್ಲಿದ್ದರೆ ಅದು ಬ್ಯಾಕಪ್ ಅಲ್ಲವೇ ಅಲ್ಲ. ಡಿಸ್ಕ್ ಕೆಟ್ಟರೆ ಎರಡೂ ಹೋದವು. ಹಾಗೇ, ನಿಮ್ಮ ಮ್ಯಾಕ್‌ನ ಆಪರೇಟಿಂಗ್ ಸಿಸ್ಟಂ ಮ್ಯಾಕ್‌ಓಎಸ್ ಕ್ಯಾಟಲಿನಾ ಅಥವಾ ಅದಕ್ಕಿಂತ ಹೊಸದಿದ್ದರೆ ಐಫೋಟೋ ಓಡುವುದೇ ಇಲ್ಲ, ಹಳೆ ಲೈಬ್ರರಿಯನ್ನು ಅದರಲ್ಲಿ ತೆರೆಯೋಕೂ ಆಗಲ್ಲ. ಕಾಪಿ ತೆರೆದು ನೋಡಿ ಸರಿಯಿದ್ದರೆ, ಹಳೇದನ್ನು ಧೈರ್ಯವಾಗಿ ಅಳಿಸಿ.